ಹುಂಜದ ನಾಣ್ಯದ ದೇಶ

ನನ್ನ ಹಳೆಯ ನಾಣ್ಯಗಳ ಡಬ್ಬಿಯಲ್ಲಿ ಕಂಚಿನ ಪುಟ್ಟ ನಾಣ್ಯವೊಂದಿದೆ. ಅದರ ಒಂದು ಬದಿಯಲ್ಲಿ ಹುಂಜ. ಮೊನ್ನೆ ಮೊಮ್ಮಗಳು ಅದನ್ನು ಎತ್ತಿಕೊಂಡು, "ತಾತ, ಇದು ಯಾವ ದೇಶದ್ದು? ಇದಕ್ಕೆ ಏನು ಬರುತ್ತೆ?" ಎಂದು ಕೇಳಿದಳು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವನವಿಡೀ ಹಣ ಎಣಿಸಿದವನಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ!

ಮಕ್ಕಳೇ, ಅದು ಮಲಾವಿ ದೇಶದ್ದು. ಆಫ್ರಿಕಾದ ಆಗ್ನೇಯ ಭಾಗದಲ್ಲಿರುವ ಈ ದೇಶಕ್ಕೆ ಸಮುದ್ರವಿಲ್ಲ, ಆದರೆ ಸಮುದ್ರದಂಥ ಉದ್ದನೆಯ ಸರೋವರವಿದೆ. 1964ರ ಜುಲೈ 6ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಬಂತು. 1971ರಲ್ಲಿ ಪೌಂಡನ್ನು ಬಿಟ್ಟು ಹೊಸ ಹಣ ಮಾಡಿಕೊಂಡು, ಅದಕ್ಕೆ 'ಕ್ವಾಚಾ' ಎಂದು ಹೆಸರಿಟ್ಟರು. ಅಲ್ಲಿಯ ಚಿಚೇವಾ ಭಾಷೆಯಲ್ಲಿ ಹಾಗೆಂದರೆ 'ಬೆಳಗಾಯಿತು'. ಚಿಲ್ಲರೆಯ ಹೆಸರು 'ತಂಬಾಲಾ', ಎಂದರೆ ಹುಂಜ. ನೂರು ಹುಂಜ ಸೇರಿದರೆ ಒಂದು ಬೆಳಗು! ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿದ್ದ ನಮ್ಮ ಕಥೆಯ ಅಜ್ಜಿ ಇದನ್ನು ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ.

ಆಗ ಒಂದು ಕ್ವಾಚಾಕ್ಕೆ ಒಂದು ಡಾಲರಿಗಿಂತ ಹೆಚ್ಚೇ ಬೆಲೆಯಿತ್ತು. 2023ರ ನವೆಂಬರಿನಲ್ಲಿ ಕ್ವಾಚಾದ ಬೆಲೆ ಇಳಿಸಿದ ಮೇಲೆ ಒಂದು ಡಾಲರಿಗೆ 1,700 ಕ್ವಾಚಾ ಎಣಿಸಬೇಕಾಯಿತು. ಇನ್ನು ಹುಂಜದ ನಾಣ್ಯಕ್ಕೆ ಒಂದು ಕಡಲೆಬೀಜವೂ ಬಾರದು.

ಹಣ ಹೀಗೇಕೆ ಸವೆಯಿತು? ಹೊರಗೆ ಮಾರುವುದಕ್ಕಿಂತ ಹೊರಗಿನಿಂದ ಕೊಳ್ಳುವುದೇ ಹೆಚ್ಚಾದರೆ ಡಾಲರಿಗೆ ಬರ ಬರುತ್ತದೆ. ಮಲಾವಿ ಮುಖ್ಯವಾಗಿ ಮಾರುವುದು ತಂಬಾಕು. ಕೊಳ್ಳಬೇಕಾದದ್ದು ಪೆಟ್ರೋಲು, ಔಷಧಿ, ಗೊಬ್ಬರ. ಅವೆಲ್ಲ ಪಕ್ಕದ ಮೊಜಾಂಬಿಕ್, ತಾಂಜಾನಿಯಾಗಳ ಬಂದರಿನಲ್ಲಿಳಿದು ನೂರಾರು ಮೈಲಿ ದೂರ ಬರಬೇಕು. ಬಾಡಿಗೆಯೂ ಬೆಲೆಗೆ ಸೇರುತ್ತದೆ.

ಗೊಬ್ಬರವಿಲ್ಲದೆ ಊಟವಿಲ್ಲ. ಅವರ ಊಟ 'ನ್ಸಿಮಾ', ಮೆಕ್ಕೆಜೋಳದ ಹಿಟ್ಟಿನದು, ನಮ್ಮ ಮುದ್ದೆಯ ದಾಯಾದಿ. ಹೆಚ್ಚಿನ ರೈತರಿಗೆ ವರ್ಷಕ್ಕೆ ಒಂದೇ ಮಳೆಗಾಲ, ಒಂದೇ ಬೆಳೆ. ಏಪ್ರಿಲ್ ಹೊತ್ತಿಗೆ ಕೊಯ್ದದ್ದು ಮುಂದಿನ ಜನವರಿ, ಫೆಬ್ರವರಿಗೆ ಮುಗಿದುಹೋಗುತ್ತದೆ. ಹೊಲದಲ್ಲಿ ಹಸಿರು, ಮನೆಯಲ್ಲಿ ಹಸಿವು. 2005ರಿಂದ ಸರ್ಕಾರ ಅಗ್ಗದ ಗೊಬ್ಬರಕ್ಕೆ, ಬೀಜಕ್ಕೆ ಕೂಪನ್ ಕೊಟ್ಟಿತು. ಮಳೆಯೂ ಕೈಹಿಡಿದು ಕೆಲವು ವರ್ಷ ಕಣಜ ತುಂಬಿತು. ಆದರೆ ಆ ಗೊಬ್ಬರಕ್ಕೂ ಡಾಲರೇ ಬೇಕಲ್ಲ! 2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣದ ಜಿಲ್ಲೆಗಳ ಹೊಲ, ಮನೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಮರುವರ್ಷ ಬರಗಾಲ.

ಇಷ್ಟೇ ಓದಿದ್ದರೆ ನಾನು ಆ ದೇಶದ ಖಾತೆಗೆ 'ನಷ್ಟ' ಎಂದು ಬರೆದು ಲೆಡ್ಜರ್ ಮುಚ್ಚಿಬಿಡುತ್ತಿದ್ದೆ. ಅದು ತಪ್ಪಾಗುತ್ತಿತ್ತು. 1990ರ ಸುಮಾರಿಗೆ ಅಲ್ಲಿ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಐದು ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ಈಗ ಸುಮಾರು ಇಪ್ಪತ್ತೈದರಲ್ಲಿ ಒಂದು. ದೊಡ್ಡ ಆಸ್ಪತ್ರೆಗಳೇನೂ ರಾತ್ರಿ ಬೆಳಗಾಗುವುದರೊಳಗೆ ಎದ್ದು ನಿಲ್ಲಲಿಲ್ಲ. ಸಾವಿರಾರು ಮಂದಿಗೆ ಕೆಲವು ವಾರಗಳ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತರನ್ನಾಗಿ ಹಳ್ಳಿಗಳಿಗೆ ಕಳಿಸಿದರು. ಅವರು ಔಷಧಿಯ ಪೆಟ್ಟಿಗೆ ಇಟ್ಟುಕೊಂಡು ಲಸಿಕೆ ಹಾಕುತ್ತಾರೆ, ಮಲೇರಿಯಾಕ್ಕೆ ಮಾತ್ರೆ ಕೊಡುತ್ತಾರೆ, ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆಯ ನೀರು ಕುಡಿಸುತ್ತಾರೆ. ನಾನು ನೋಟು ಎಣಿಸಿದಂತೆ ಅವರು ಉಸಿರು ಎಣಿಸುತ್ತಾರೆ. ಕೆಮ್ಮುತ್ತಿರುವ ಎರಡು ವರ್ಷದ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ನ್ಯುಮೋನಿಯಾ ಇರಬಹುದೆಂದು ತಿಳಿದು ಕೂಡಲೇ ಔಷಧಿ ಶುರು. ಡಾಕ್ಟರಿಗಾಗಿ ಹತ್ತಾರು ಮೈಲಿ ನಡೆಯುವ ಹೊತ್ತು ಉಳಿಯಿತು, ಜೀವವೂ ಉಳಿಯಿತು. ಈ ಖರ್ಚಿನ ದೊಡ್ಡ ಪಾಲು ಹೊರದೇಶಗಳ ನೆರವಿನದು. ಆ ನೆರವು ನಿಂತರೆ ಗತಿಯೇನು ಎಂಬ ಅಳುಕು ನನ್ನಂಥ ಲೆಕ್ಕಿಗನಿಗೆ ಇದ್ದೇ ಇದೆ.

ಶಾಲೆಯದೂ ಒಂದು ಕಥೆ. 1994ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದರು. ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ ಸುಮಾರು 19 ಲಕ್ಷದಿಂದ 30 ಲಕ್ಷದ ಆಸುಪಾಸಿಗೆ ಏರಿತು. ಅಷ್ಟು ಮಕ್ಕಳಿಗೆ ಕೋಣೆ ಎಲ್ಲಿಂದ ಬರಬೇಕು, ಮೇಷ್ಟರು ಎಲ್ಲಿಂದ ಬರಬೇಕು? ಎಷ್ಟೋ ಕಡೆ ಮರದ ಕೆಳಗೇ ಪಾಠ ನಡೆಯಿತು. ಇಂದಿಗೂ ಹಳ್ಳಿ ಶಾಲೆಯ ಒಂದನೇ ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿರುವುದು ಅಪರೂಪವಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮೊಮ್ಮಗಳು ನಾಣ್ಯವನ್ನು ಡಬ್ಬಿಗೆ ಹಾಕುತ್ತಾ, "ನೂರು ಜನರ ಹಾಜರಿ ಕೂಗೋಷ್ಟರಲ್ಲೇ ಬೆಲ್ ಹೊಡೆದುಬಿಡುತ್ತಲ್ಲ ತಾತ?" ಎಂದಳು.