ಹಳೆಯ ಗಿಟಾರು ಕೊಳ್ಳುವ ಮುನ್ನ

ತರೀಕೆರೆಯಲ್ಲಿ ಯಾರೋ ಹಳೆಯ ಗಿಟಾರೊಂದನ್ನು ಮಾರುತ್ತಿದ್ದಾರೆಂದು ತಿಳಿದು, ಜುಲೈ ತಿಂಗಳಲ್ಲಿ ನೀವು ನೋಡಲು ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಹೊಳಪು ಮಾಸಿಲ್ಲ, ನಾದವೂ ಇಂಪಾಗಿದೆ. ಹಣ ಕೊಟ್ಟು ಕಡೂರಿಗೆ ತರುತ್ತೀರಿ. ಮಾರ್ಚ್ ಬರುವಷ್ಟರಲ್ಲಿ ತಂತಿಗಳು ಮೆಟ್ಟಿಲುಗಳಿಗೆ ತಗುಲಿ ಝರ್ರೆನ್ನುತ್ತವೆ. ಮೇಲ್ಹಲಗೆಯಲ್ಲಿ ಕೂದಲೆಳೆಯಂಥ ಸೀಳು ಕಾಣುತ್ತದೆ. ಮಾರಿದವರು ಮೋಸ ಮಾಡಿದರೆ? ಮಾಡಿರಲಿಕ್ಕಿಲ್ಲ. ಭದ್ರಾ ಕಾಡಿನ ಅಂಚಿನ ಮಳೆಗಾಲದ ತೇವದಲ್ಲಿದ್ದ ಮರ ಮಳೆನೆರಳಿನ ಬಯಲುಸೀಮೆಯ ಬೇಸಿಗೆಗೆ ಸಿಕ್ಕಿದೆ, ಅಷ್ಟೆ.

ಅಜ್ಜಂಪುರದ ಸುತ್ತಿನ ಎರೆ ಹೊಲಗಳು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದನ್ನು ನೀವು ಕಂಡಿರಬಹುದು. ಮರದ ಸ್ವಭಾವವೂ ಹೀಗೆಯೇ. ಗಾಳಿಯ ಸಾಪೇಕ್ಷ ಆರ್ದ್ರತೆ ಹೆಚ್ಚಿದರೆ ಅದು ನೀರಾವಿಯನ್ನು ಹೀರಿ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ತೀರ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಸ್ಪ್ರೂಸ್ ಮರದ ಮೇಲ್ಹಲಗೆಯ ಅಗಲ ಸುಮಾರು 40 ಸೆಂಟಿಮೀಟರ್. ಅದರ ತೇವಾಂಶ ಶೇಕಡ 3ರಷ್ಟು ಇಳಿದರೆ ಹಲಗೆ ಒಂದೂವರೆ ಮಿಲಿಮೀಟರಿನಷ್ಟು ಕಿರಿದಾಗಬೇಕು. ಆದರೆ ಅಂಚುಗಳನ್ನು ಸುತ್ತಲೂ ಅಂಟಿನಿಂದ ಬಂಧಿಸಲಾಗಿದೆ. ಕಿರಿದಾಗಲು ಎಡೆಯಿಲ್ಲದೆ ಅದು ಮೊದಲು ಒಳಕ್ಕೆ ತಗ್ಗುತ್ತದೆ, ಆಮೇಲೆ ಸೀಳುತ್ತದೆ. ಮಳೆಗಾಲದಲ್ಲಿ ಇದಕ್ಕೆ ವಿರುದ್ಧವಾಗಿ ಉಬ್ಬುತ್ತದೆ. ಪ್ಲೈವುಡ್ ಹಲಗೆಯಲ್ಲಿ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಈ ಕಾಟ ಕಡಿಮೆ. ನಾದರಂಧ್ರದ ಅಂಚಿನಲ್ಲಿ ಪದರಗಳು ಕಾಣುತ್ತವೆಯೇ ಎಂದು ನೋಡಿ. ಕಂಡರೆ ಕಳಪೆಯೆಂದು ಮುಖ ತಿರುಗಿಸಬೇಡಿ. ಕಡೂರಿನ ಶಾಲೆಯ ಕಪಾಟಿನಲ್ಲಿ ಇರಬೇಕಾದ ಗಿಟಾರಿಗೆ ನನ್ನ ಮಟ್ಟಿಗೆ ಪ್ಲೈವುಡ್ಡೇ ವಾಸಿ.

ಇನ್ನು ತಂತಿಗಳ ಮಾತು. ಆರು ಉಕ್ಕಿನ ತಂತಿಗಳು ಒಟ್ಟಾಗಿ ಸುಮಾರು 70 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಅವು ಕಟ್ಟಿಕೊಂಡಿರುವುದು ಕುದುರೆಗೆ (ವೀಣೆಯ ಹೆಸರೇ ಇಲ್ಲಿಯೂ ಸಲ್ಲುತ್ತದೆ), ಕುದುರೆ ಅಂಟಿಕೊಂಡಿರುವುದು ತೆಳುವಾದ ಹಲಗೆಗೆ. ಕುದುರೆಯ ಹಿಂಬದಿಯಲ್ಲಿ ಕಾಗದದ ಚೂರೊಂದನ್ನು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ. ಹಲಗೆಯ ಅಲ್ಪ ಉಬ್ಬು ಸಹಜ, ಅದಕ್ಕೆ ಹೆದರಬೇಕಿಲ್ಲ.

ಮುಖ್ಯವಾದ ಪರೀಕ್ಷೆಗೆ ಬೇಕಾದದ್ದು ಜ್ಯಾಮಿತಿ ಪೆಟ್ಟಿಗೆಯ ಸ್ಕೇಲು. 12ನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿಯ ಎತ್ತರ ಎಷ್ಟಿದೆ? ಉಕ್ಕಿನ ತಂತಿಯ ಗಿಟಾರಿನಲ್ಲಿ ಎರಡೂವರೆ ಮಿಲಿಮೀಟರಿನ ಆಸುಪಾಸು ಇದ್ದರೆ ಬೆರಳಿಗೆ ಹಿತ. ನಾಲ್ಕಿದ್ದರೆ ಬೆರಳು ನೋಯುವುದಷ್ಟೇ ಅಲ್ಲ, ಶ್ರುತಿಯೂ ಕೆಡುತ್ತದೆ. ಏಕೆ? ತಂತಿಯ ಉದ್ದ 650 ಮಿಲಿಮೀಟರ್ ಎನ್ನಿ. ನಡುವೆ 4 ಮಿಲಿಮೀಟರ್ ಒತ್ತಿದಾಗ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಪೈಥಾಗೊರಸ್ ಪ್ರಮೇಯದಿಂದ ಲೆಕ್ಕ ಹಾಕಿದರೆ ತಂತಿ ಹಿಗ್ಗುವುದು 0.049 ಮಿಲಿಮೀಟರ್. ಎರಡೇ ಮಿಲಿಮೀಟರ್ ಒತ್ತಿದರೆ 0.012. ಅಂದರೆ ಎತ್ತರ ಎರಡರಷ್ಟಾದರೆ ಹಿಗ್ಗುವಿಕೆ ನಾಲ್ಕರಷ್ಟು! ಹಿಗ್ಗಿದಂತೆ ಬಿಗಿತ ಹೆಚ್ಚುತ್ತದೆ, ಆವೃತ್ತಿ ಏರುತ್ತದೆ. ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಬಹುದು.

ಕಿವಿಯಿಂದಲೂ ಇದನ್ನು ಪತ್ತೆಹಚ್ಚಬಹುದು. 12ನೆಯ ಮೆಟ್ಟಿಲು ತಂತಿಯ ಸರಿ ಅರ್ಧದಲ್ಲಿದೆ. ಅದರ ನೇರಕ್ಕೆ ಬೆರಳನ್ನು ಸೋಕಿಸಿ ಮೀಟಿದಾಗ ಬರುವ ಸ್ವರವೂ, ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಒತ್ತಿದ್ದು ಏರಿದ್ದರೆ ತಂತಿ ಬಹಳ ಎತ್ತರದಲ್ಲಿದೆ, ಇಲ್ಲವೇ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ತಂತಿಯ ತೂಕ ಉದ್ದಕ್ಕೂ ಸಮವಾಗಿರುವುದಿಲ್ಲವಾದ್ದರಿಂದ ಅದು ಒಳ್ಳೆಯ ಗಿಟಾರಿಗೂ ಕೆಟ್ಟ ಹೆಸರು ತರುತ್ತದೆ. ಹೊಸ ತಂತಿಗಳ ಒಂದು ಜೊತೆಯನ್ನು ಕೊಂಡೊಯ್ದರೆ ಅನುಮಾನ ಉಳಿಯದು. ನೈಲಾನ್ ತಂತಿಯ ಗಿಟಾರಿಗೆ ಮಾತ್ರ ಉಕ್ಕಿನ ತಂತಿ ಕಟ್ಟಬೇಡಿ. ಅದು ಆ ಬಿಗಿತವನ್ನು ತಾಳದು.

ತಂತಿ ಎತ್ತರದಲ್ಲಿದ್ದರೆ ತಳ್ಳಿಹಾಕಬೇಕೆ? ಕುದುರೆಯ ಮೇಲಿನ ಬಿಳಿ ಪಟ್ಟಿಯನ್ನು ನೋಡಿ. ಅದು ಸಾಕಷ್ಟು ಮೇಲೆದ್ದಿದ್ದರೆ ತಳವನ್ನು ಉಜ್ಜಿ ತಗ್ಗಿಸಬಹುದು, ಖರ್ಚು ಅಲ್ಪ. ಪಟ್ಟಿ ಆಗಲೇ ಸವೆದು ಕುದುರೆಯ ಮಟ್ಟಕ್ಕೆ ಇಳಿದಿದ್ದೂ ತಂತಿ ಎತ್ತರದಲ್ಲೇ ಇದ್ದರೆ, ಬಹುಮಟ್ಟಿಗೆ ಎಳೆತಕ್ಕೆ ದಂಡಿಯ ಕೋನವೇ ಬದಲಾಗಿದೆ. ದಂಡಿಯನ್ನು ಬಿಚ್ಚಿ ಕೂರಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ಮೀರೀತು. ಅದನ್ನು ಅಲ್ಲೇ ಬಿಟ್ಟುಬನ್ನಿ. ದಂಡಿ ಬಾಗಿದ್ದರೆ ವಿಷಯ ಬೇರೆ: ಒಳಗೆ ಉಕ್ಕಿನ ಸರಳಿದ್ದು ಅದರ ತಿರುಪು ತಿರುಗುವಂತಿದ್ದರೆ ನೇರ ಮಾಡಿಸಬಹುದು. 1ನೆಯ ಮತ್ತು 14ನೆಯ ಮೆಟ್ಟಿಲಿನ ಬಳಿ ಒಂದೇ ತಂತಿಯನ್ನು ಒಟ್ಟಿಗೆ ಒತ್ತಿಹಿಡಿದಾಗ 7ನೆಯದರ ಮೇಲೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಎಡೆ ಉಳಿದರೆ ಸರಿಯಾಗಿದೆ. ದಂಡಿಯ ಅಂಚಿಗೆ ಬೆರಳಾಡಿಸಿ. ಮೆಟ್ಟಿಲುಗಳ ತುದಿ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಹೊಸದಾಗಿ ಕೂರಿಸಬಹುದು. ಗಿಟಾರಿಗೆ ಆ ಸೌಲಭ್ಯವಿಲ್ಲ.

ಆ ಮೆಟ್ಟಿಲುಗಳ ಕೆಳಗಿನ ಕಪ್ಪು ಹಲಗೆ ಅನೇಕ ಗಿಟಾರುಗಳಲ್ಲಿ ಬೀಟೆಯದು, ನಮ್ಮ ಪಶ್ಚಿಮ ಘಟ್ಟದ ಮರದ್ದು. ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ನಿರ್ಬಂಧವಿದೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ತಂದ ಮೇಲೆ ಗಿಟಾರನ್ನು ತಗಡಿನ ಮಾಡಿನ ಕೆಳಗೆ ನೇತುಹಾಕಬೇಡಿ, ಬಿಸಿಗೆ ಅಂಟು ಮೆದುವಾಗುತ್ತದೆ. ಫೆಬ್ರವರಿಯಿಂದ ಮೇ ತನಕ ಪೆಟ್ಟಿಗೆಯಲ್ಲಿಟ್ಟು, ತೂತು ಕೊರೆದ ಸೋಪಿನ ಡಬ್ಬಿಯೊಳಗೆ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನು ಜೊತೆಗಿಡಿ. ಪೆಟ್ಟಿಗೆಯೊಳಗಿನ ಆರ್ದ್ರತೆ ಶೇಕಡ 45ರಿಂದ 55ರ ನಡುವೆ ಇದ್ದರೆ ಸಾಕು. ಮಳೆ ಹಿಡಿದ ದಿನ ಸ್ಪಂಜನ್ನು ತೆಗೆಯಲು ಮರೆಯಬೇಡಿ.