ಆಗಮವೋ ಆದೇಶವೋ? ಅನ್ಯದೇಶ್ಯವಾದ ಓತಿಗಳ ಗಣನಾವಿಚಾರ

ಮಹಾಭಾರತದ ಅನುಶಾಸನಪರ್ವದಲ್ಲಿಯೂ ಭಾಗವತದ ದಶಮಸ್ಕಂಧದಲ್ಲಿಯೂ ಬಂದಿರುವ ನೃಗರಾಜನ ಉಪಾಖ್ಯಾನವು ವಾಚಕರಿಗೆ ವಿದಿತವೇ ಆಗಿದೆ. ಬ್ರಾಹ್ಮಣನೊಬ್ಬನ ಹಸುವು ತಪ್ಪಿಸಿಕೊಂಡು ಬಂದು ರಾಜನ ಗೋಸಮೂಹದಲ್ಲಿ ಬೆರೆಯಿತು. ಅದನ್ನರಿಯದೆ ಅವನು ಆ ಹಸುವನ್ನು ಮತ್ತೊಬ್ಬನಿಗೆ ದಾನಮಾಡಿದನು. ತತ್ಫಲವಾಗಿ ಕೃಕಲಾಸಜನ್ಮವನ್ನೆತ್ತಿ ಪಾಳುಬಾವಿಯಲ್ಲಿ ಬಿದ್ದಿದ್ದು, ಶ್ರೀಕೃಷ್ಣನಿಂದ ವಿಮುಕ್ತನಾದನು. ತನ್ನ ಮಂದೆಗೆ ಹೊರಗಿನದೊಂದು ಬಂದು ಸೇರಿದುದನ್ನು ಅರಿಯದೆ ಹೋದುದೇ ಈ ಅನರ್ಥಕ್ಕೆ ಮೂಲವೆಂಬುದನ್ನು ಗಮನಿಸಬೇಕು. ಇಂದು ಪ್ರಾಣಿಶಾಸ್ತ್ರಜ್ಞರು ಓತಿ ಹಲ್ಲಿಗಳ ವಿಷಯದಲ್ಲಿ ಮಾಡುತ್ತಿರುವ ವಿಚಾರವೂ ಇದೇ ಆಗಿದೆ: ಒಂದು ಸೀಮೆಗೆ ಹೊರಗಿನಿಂದ ಬಂದ ಜಾತಿ ಯಾವುದು, ಅದು ಎಷ್ಟಾಗಿದೆ, ಅದರಿಂದ ಅಲ್ಲಿಯ ಮೂಲಜಾತಿಗಳಿಗೆ ಏನಾಗಿದೆ? ಈ ವಿಚಾರಕ್ರಮವನ್ನು ಸಾಹಿತ್ಯಾಧ್ಯಾಪಕರಿಗೆ ಪರಿಚಿತವಾದ ಪರಿಭಾಷೆಯಲ್ಲಿ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ಎಣಿಸುವುದಕ್ಕೆ ಮೊದಲು ಹೆಸರು ಖಚಿತವಾಗಬೇಕು. ಅಮರಸಿಂಹನು ಸರಟ, ಕೃಕಲಾಸ ಎಂಬಿವನ್ನು ಪರ್ಯಾಯಪದಗಳಾಗಿಯೂ, ಮನೆಯ ಹಲ್ಲಿಗೆ ಮುಸಲೀ, ಗೃಹಗೋಧಿಕಾ ಎಂಬ ಹೆಸರುಗಳನ್ನೂ ಹೇಳಿರುವನು. ಕನ್ನಡದಲ್ಲಿ ಓತಿ ಅಥವಾ ಓತಿಕ್ಯಾತ, ಗೋಸುಂಬೆ, ಹಲ್ಲಿ, ಹಾವುರಾಣಿ, ಉಡ ಎಂದು ಬೇರೆ ಬೇರೆ ಶಬ್ದಗಳುಂಟು. ಆದರೂ ಬಣ್ಣ ಬದಲಿಸುವುದೆಂಬ ಒಂದೇ ಕಾರಣದಿಂದ ಬೇಲಿಯ ಮೇಲಿನ ಓತಿಯನ್ನೇ ಗೋಸುಂಬೆಯೆಂದು ಕರೆಯುವವರು ಅನೇಕರು. ಎರಡು ಕಣ್ಣುಗಳನ್ನೂ ಬೇರೆ ಬೇರೆ ದಿಕ್ಕಿಗೆ ಹೊರಳಿಸಿ, ಕೊಂಬೆಯನ್ನು ಇಕ್ಕಳದಂತೆ ಹಿಡಿದು, ನೀಳವಾದ ನಾಲಗೆಯನ್ನು ಚಾಚಿ ಹುಳುವನ್ನು ಹಿಡಿಯುವುದು ಗೋಸುಂಬೆ. ಬೆನ್ನಿನ ಮೇಲೆ ಮುಳ್ಳಿನ ಸಾಲನ್ನು ಹೊತ್ತು, ಗಂಡಾದರೆ ಬೆದೆಯ ಕಾಲದಲ್ಲಿ ತಲೆ ಕತ್ತುಗಳನ್ನು ಕೆಂಪಾಗಿಸಿಕೊಳ್ಳುವುದು ಓತಿ. ಈ ಭೇದವನ್ನರಿಯದವನ ಎಣಿಕೆಯು ಪ್ರಮಾಣವಾಗಲಾರದು.

ವಿದ್ವಾಂಸರಿಗೂ ಈ ಭ್ರಾಂತಿಯು ತಪ್ಪಿದುದಲ್ಲ. ನಮ್ಮ ಬೇಲಿಯ ಓತಿಯನ್ನು ೧೮೦೨ರಲ್ಲಿ ಫ್ರಾನ್ಸಿನ ದೋದ್ಯಾಂ ಎಂಬವನು ವರ್ಣಿಸಿ 'ವರ್ಸಿಕಲರ್', ಎಂದರೆ ನಾನಾವರ್ಣದ್ದು, ಎಂದು ಹೆಸರಿಟ್ಟನು. ಬಹುಕಾಲದವರೆಗೆ ದಕ್ಷಿಣ ಏಷ್ಯದಿಂದ ಆಗ್ನೇಯ ಏಷ್ಯದವರೆಗಿನ ಓತಿಗಳೆಲ್ಲವೂ ಆ ಒಂದೇ ಹೆಸರಿನಲ್ಲಿ ಸೇರಿದ್ದುವು. ೨೦೨೧ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅವುಗಳ ವಂಶದ್ರವ್ಯವನ್ನು ಹೋಲಿಸಿ ನೋಡಿ, ಒಂದೆಂದು ತಿಳಿದುದರಲ್ಲಿ ಹಲವು ಜಾತಿಗಳು ಅಡಗಿವೆಯೆಂದು ತೋರಿಸಿತು. ಒಬ್ಬನೇ ಕವಿಯ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಕೃತಿಗಳು ಶೋಧನೆಯಿಂದ ಹಲವರವೆಂದು ತಿಳಿದುಬರುವಂತೆ ಇದನ್ನು ಭಾವಿಸಬಹುದು.

ಇನ್ನು ಮುಖ್ಯವಿಷಯ. ಬಾಲಕರಿಗೆ ಸಂಧಿಪ್ರಕರಣವನ್ನು ಪಾಠಹೇಳುವಾಗ ಲೋಪ, ಆಗಮ, ಆದೇಶಗಳನ್ನು ತಿಳಿಸುತ್ತೇವೆ. ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವುದು, ಆದೇಶವು ಶತ್ರುವಿನಂತೆ ಇದ್ದುದನ್ನು ಹೊರದೂಡಿ ಅದರ ಸ್ಥಾನವನ್ನು ಆಕ್ರಮಿಸುವುದು ಎಂಬುದು ವೈಯಾಕರಣರ ಮಾತು. ಹೊರಗಿನಿಂದ ಬಂದ ಜಂತುವಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೂ ಇದೇ. ಬಂದುದೆಲ್ಲವೂ ಆದೇಶವಲ್ಲ; ಆದರೆ ಆದೇಶವಾದಲ್ಲಿ ಸ್ಥಾನಿಗೆ ಲೋಪವು ನಿಶ್ಚಿತ.

ಇಲ್ಲಿ ಆಶ್ಚರ್ಯದ ಸಂಗತಿಯೊಂದುಂಟು. ನಮ್ಮಲ್ಲಿ ದೇಶ್ಯವೆನಿಸಿ ನಿರುಪದ್ರವವಾಗಿರುವ ಓತಿಯ ಕುಲವೇ ಸಮುದ್ರದಾಚೆಗೆ ಅನ್ಯದೇಶ್ಯವಾಗಿ ಹೋಗಿದೆ. ಮಾರಿಷಸ್, ರಿಯೂನಿಯನ್ ದ್ವೀಪಗಳಿಗೆ ಅದು ಕಬ್ಬಿನ ಬಿತ್ತನೆಯ ತುಂಡುಗಳೊಡನೆ ಹೋಗಿರಬೇಕೆಂದು ಹೇಳುತ್ತಾರೆ. ರಿಯೂನಿಯನ್ನಿನ ದಕ್ಷಿಣತೀರದ ಮಾನಪಾನಿ ಎಂಬಲ್ಲಿ ಮಾತ್ರ ಹಗಲಿನಲ್ಲಿ ಸಂಚರಿಸುವ ಹಸಿರು ಹಲ್ಲಿಯೊಂದಿದ್ದು, ಅದು ಇಂದು ಅತ್ಯಂತ ವಿಪತ್ತಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಹೊರಗಿನಿಂದ ಬಂದ ಜಂತುಗಳು ಅದರ ವಿಪತ್ತಿಗೆ ಹೇಳುವ ಕಾರಣಗಳಲ್ಲಿ ಒಂದು. ಸಿಂಗಪುರದಲ್ಲಿ ೧೯೮೦ರ ದಶಕದಿಂದ ಈ ಓತಿಯು ಉದ್ಯಾನಗಳಲ್ಲಿ ಹರಡಿತು. ಅಲ್ಲಿಯ ಸಹಜವಾಸಿಯಾದ ಹಸಿರು ಓತಿಯು ಕ್ರಮೇಣ ಕಾಡಿನ ಕಡೆಗೆ ಸರಿಯಿತು. ಆದರೆ ಅದೇ ಕಾಲದಲ್ಲಿ ನಗರವೂ ಬೆಳೆದು ಮರಗಳು ಕಡಿಮೆಯಾದುವು. ಸ್ಥಾನಭ್ರಂಶಕ್ಕೆ ಕಾರಣ ಓತಿಯೋ, ಕೊಡಲಿಯೋ? ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಕಾರ್ಯಕಾರಣಭಾವವನ್ನು ಹೇಳಿದರೆ ಅದು ಕಾಕತಾಲೀಯವಾದೀತು.

ಆದುದರಿಂದ ಅನ್ವಯವ್ಯತಿರೇಕಗಳೆರಡೂ ಬೇಕು. ಬಂದೆಡೆಯಲ್ಲಿ ಹಾನಿಯಿರುವುದನ್ನೂ, ಬಾರದೆಡೆಯಲ್ಲಿ ಹಾನಿಯಿಲ್ಲದಿರುವುದನ್ನೂ ಜೊತೆಯಾಗಿ ತೋರಿಸಬೇಕು. ಅಮೆರಿಕದ ಫ್ಲಾರಿಡದಲ್ಲಿ ನಡೆದ ಪರೀಕ್ಷೆಯು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿಯ ಸಣ್ಣ ನಡುಗಡ್ಡೆಗಳಲ್ಲಿ ಅನೋಲ್ ಎಂಬ ಹಸಿರು ಓತಿಯು ಸಹಜವಾಸಿ. ಅದರ ಕಂದುಬಣ್ಣದ ದಾಯಾದಿಯು ಕ್ಯೂಬಾ ಮೊದಲಾದ ಕಡೆಗಳಿಂದ ಬಂದುದು. ೧೯೯೫ರಲ್ಲಿ ಕೆಲವು ನಡುಗಡ್ಡೆಗಳಿಗೆ ಕಂದು ಓತಿಯನ್ನು ಬಿಟ್ಟು, ಕೆಲವನ್ನು ಹಾಗೆಯೇ ಉಳಿಸಿದರು. ಬಿಟ್ಟೆಡೆಯಲ್ಲಿ ಹಸಿರು ಓತಿಯು ಮರದ ಮೇಲಿನ ಕೊಂಬೆಗಳಿಗೆ ಏರಿತು. ಹದಿನೈದು ವರ್ಷಗಳಲ್ಲಿ, ಸುಮಾರು ಇಪ್ಪತ್ತು ತಲೆಗಳೊಳಗಾಗಿ, ಅದರ ಕಾಲ್ಬೆರಳುಗಳ ಅಂಟುಮೆತ್ತೆಯೇ ಅಗಲವಾಯಿತೆಂದು ೨೦೧೪ರಲ್ಲಿ ಪ್ರಕಟಿಸಿದರು. ಇದು ಲೋಪವಲ್ಲ, ಸ್ಥಾನಾಂತರ ಮತ್ತು ವಿಕಾರ.

ಶಾಂತಸಾಗರದ ದ್ವೀಪಗಳಲ್ಲಿ ಮತ್ತೊಂದು ಬಗೆ. ಏಷ್ಯದ ಮನೆಹಲ್ಲಿಯು ಎರಡನೆಯ ಮಹಾಯುದ್ಧದ ಅನಂತರ ಅಲ್ಲಿ ಬಹುವಾಗಿ ಹರಡಿತು. ಗೋಡೆಯ ದೀಪದ ಬಳಿ ಹುಳುಗಳು ಗುಂಪಾಗಿ ಸೇರುವುದರಿಂದ ಅದು ಬೇಗನೆ ಅವುಗಳನ್ನು ಕಬಳಿಸಿ, ಗಂಡಿಲ್ಲದೆಯೇ ಸಂತಾನವನ್ನು ಪಡೆಯುವ ಅಲ್ಲಿಯ ಸಣ್ಣ ಹಲ್ಲಿಗೆ ಆಹಾರ ಸಾಲದಂತೆ ಮಾಡಿತು. ಹವಾಯಿಯಲ್ಲಿ ಪರೀಕ್ಷಕರು ಗೋಡೆಗಳಿಗೆ ಅಡ್ಡತಡಿಕೆಗಳನ್ನಿಟ್ಟು ನೋಡಿದಾಗ ಸ್ಪರ್ಧೆಯು ತಗ್ಗಿತು. ಬೋಳುಗೋಡೆ, ದೀಪ ಇವು ಮನುಷ್ಯನ ಸೃಷ್ಟಿಗಳು. ಆಗಂತುಕನು ಆದೇಶವಾಗುವುದರಲ್ಲಿ ಸ್ಥಳವನ್ನು ಹಾಗೆ ಅಣಿಗೊಳಿಸಿದವರ ಪಾಲೂ ಉಂಟೆಂಬುದು ಇದರಿಂದ ಸಿದ್ಧವಾಗುವುದು.

ಗಣನೆಯ ವಿಧಾನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ದಿನ ಹೋಗಿ ನೋಡಿ, ಕಾಣಲಿಲ್ಲವಾದುದರಿಂದ ಇಲ್ಲವೆಂದು ಹೇಳಲಾಗದು. ಮೀಮಾಂಸಕರು ಯೋಗ್ಯಾನುಪಲಬ್ಧಿಯನ್ನು ಮಾತ್ರ ಅಭಾವಕ್ಕೆ ಪ್ರಮಾಣವೆನ್ನುತ್ತಾರೆ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸಾಮಗ್ರಿಯಿದ್ದಾಗ ಕಾಣದಿರುವುದೇ ಪ್ರಮಾಣ. ಓತಿಯು ಬಿಸಿಲು ಕಾಯಿಸಲು ಹೊರಬರುವ ಹೊತ್ತಿನಲ್ಲಿ, ನಿಶ್ಚಿತವಾದ ದಾರಿಯಲ್ಲಿ, ಒಂದೇ ವೇಗದಿಂದ, ಋತು ಋತುವಿಗೂ ಹಲವು ಬಾರಿ ನಡೆದು, ಕಂಡುದನ್ನೂ ಕಾಣದುದನ್ನೂ, ನೆಲದಿಂದ ಎಷ್ಟು ಎತ್ತರದಲ್ಲಿತ್ತೆಂಬುದನ್ನೂ ಬರೆದಿಡಬೇಕು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿಯೆಂಬ ಗಾದೆಯಂತೆ ಆಗಬಾರದು. ಒಬ್ಬನು ಎಣಿಸಿದುದನ್ನು ಮತ್ತೊಬ್ಬನು ಸ್ವತಂತ್ರವಾಗಿ ಎಣಿಸಿ ತಾಳೆನೋಡಬೇಕು.

ಮೈಸೂರಿನ ಹೆಬ್ಬಾಳದಲ್ಲಿ ಈ ಮಾತುಗಳಿಗೆ ಪ್ರಸಕ್ತಿಯೇನೆಂದು ಕೇಳಬಹುದು. ಅಲ್ಲಿ ಪರದೇಶದ ಓತಿಯು ನೆಲೆಸಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರಗೊಂಡ ಕೆರೆ, ಅದರ ಸುತ್ತಲಿನ ಕೈಗಾರಿಕಾಪ್ರದೇಶ, ದೂರದೂರುಗಳಿಂದ ಬರುವ ಸರಕಿನ ಬಂಡಿಗಳು, ಹೊಸ ತೋಟಗಳಿಗೆ ತರುವ ಗಿಡದ ಕುಂಡಗಳು ಇವೆಲ್ಲವೂ ಇಂಥ ಜಂತುಗಳು ಬರುವ ಹೆದ್ದಾರಿಗಳೇ. ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಹಸಿರು ಇಗ್ವಾನವನ್ನು ನಮ್ಮ ನಗರಗಳಲ್ಲಿಯೂ ವಿನೋದಕ್ಕಾಗಿ ಸಾಕುವವರುಂಟು. ಪೋರ್ಟೊರೀಕೊ, ಫ್ಲಾರಿಡಗಳಲ್ಲಿ ಅದೇ ಜಂತು ಪಂಜರದಿಂದ ಹೊರಬಿದ್ದು ಲೆಕ್ಕವಿಲ್ಲದಷ್ಟಾಗಿದೆ. ೧೯೭೨ರ ವನ್ಯಜೀವಿಸಂರಕ್ಷಣೆಯ ಕಾನೂನಿಗೆ ೨೦೨೨ರಲ್ಲಿ ತಂದ ತಿದ್ದುಪಡಿಯು ಆಕ್ರಮಣಶೀಲವಾದ ಪರದೇಶೀಯ ಜಾತಿಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಸರ್ಕಾರಕ್ಕೆ ಕೊಟ್ಟಿದೆ. ಕಾನೂನು ಬಾಗಿಲನ್ನು ಕಾಯಬಲ್ಲುದು. ಒಳಗಿರುವುದನ್ನು ಎಣಿಸುವ ಕೆಲಸವು ಊರಿನವರದು.

ಫ್ಲಾರಿಡದ ಪರೀಕ್ಷಕರಿಗೆ ಹಸಿರು ಓತಿಯ ಪೂರ್ವಸ್ಥಿತಿಯು ತಿಳಿದಿದ್ದುದರಿಂದಲೇ ಅದರ ವಿಕಾರವು ಗೋಚರವಾಯಿತು. ಮೂಲಪಾಠವು ನಮ್ಮ ಕೈಯಲ್ಲಿಲ್ಲದಿದ್ದರೆ ಪ್ರಕ್ಷಿಪ್ತವನ್ನು ಗುರುತಿಸುವ ಬಗೆ ಯಾವುದು? ಹೆಬ್ಬಾಳದ ಏರಿಯ ಮೇಲೆ ಬೆಳಗಿನ ಬಿಸಿಲಿನಲ್ಲಿ ತಲೆಯಾಡಿಸುವ ಓತಿ, ಸುತ್ತಣ ಮನೆಗಳ ಹಲ್ಲಿ, ಹುಲ್ಲಿನಲ್ಲಿ ನುಸುಳುವ ಹಾವುರಾಣಿ ಇವು ಇಂದು ಎಷ್ಟಿವೆಯೆಂಬ ಲೆಕ್ಕವನ್ನು ಇಂದೇ ಬರೆದಿಡುವುದು ಯುಕ್ತ. ಸಮೀಪದ ಶಾಲೆಯ ಉಪಾಧ್ಯಾಯರೊಬ್ಬರು ಮಕ್ಕಳೊಡನೆ ತಿಂಗಳಿಗೊಮ್ಮೆ ಕೆರೆಯ ದಾರಿಯಲ್ಲಿ ನಡೆದು ಒಂದು ಪುಸ್ತಕದಲ್ಲಿ ಬರೆದಿಟ್ಟರೂ ಸಾಕು. ನೃಗನ ಗೋಶಾಲೆಯಲ್ಲಿ ಇಲ್ಲದೆ ಹೋದುದು ಆ ಪುಸ್ತಕವೇ ಎಂದು ನನಗೆ ತೋರುತ್ತದೆ.