ಒಂದೇ ಮನೆ, ಮೂರು ಪೈಪು

ಇಪ್ಪತ್ತೈದು ಮೂವತ್ತು ವರ್ಷ ನೀರು ಹರಿದ ಮುಕ್ಕಾಲು ಇಂಚಿನ ಜಿಐ ಪೈಪನ್ನು ಹ್ಯಾಕ್ಸಾದಲ್ಲಿ ಅಡ್ಡ ಕೊಯ್ದು ನೋಡಬೇಕು. ಹೊರಗಿನಿಂದ ಗಟ್ಟಿಮುಟ್ಟಾಗಿಯೇ ಇರುತ್ತದೆ. ಒಳಗೆ ಮಾತ್ರ ಕಂದು ಗಂಟುಗಳು ಸುತ್ತಲಿಂದಲೂ ಬೆಳೆದು, ನಡುವೆ ಪೆನ್ಸಿಲ್ ತೂರುವಷ್ಟು ಕಿಂಡಿ ಉಳಿದಿರುತ್ತದೆ. ಒಂದು ಗಂಟನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಮೇಲಿನ ಪದರ ಚಕ್ಕೆಯಾಗಿ ಏಳುತ್ತದೆ. ಅದರಡಿ ಕಪ್ಪು ಕೆಸರು, ಕೆಸರಿನಡಿ ಪೈಪಿನ ಗೋಡೆಯಲ್ಲೊಂದು ಗುಳಿ. ಬೆಳಗ್ಗೆ ನಲ್ಲಿ ತಿರುಗಿಸಿದಾಗ ಮೊದಲ ಅರ್ಧ ಬಕೆಟ್ ಕೆಂಪಾಗಿ ಬರುವುದು ಈ ಗುಳಿಗಳಿಂದ. ರಾತ್ರಿಯೆಲ್ಲ ನಿಂತ ನೀರಿನಲ್ಲಿ ಆಮ್ಲಜನಕ ತೀರಿಹೋಗಿ ಕಬ್ಬಿಣ ಕರಗುತ್ತದೆ, ಗಾಳಿ ತಾಗಿದೊಡನೆ ಬಣ್ಣ ತಿರುಗುತ್ತದೆ.

ಪುಣೆ–ಮುಂಬಯಿ ಹಳೆ ಹೆದ್ದಾರಿಯ ಮೇಲಿರುವ ತಳೇಗಾಂವ ದಾಭಾಡೆಯಲ್ಲಿ ಹಳೆ ಬಂಗಲೆಗಳೂ ಇವೆ, ಕೈಗಾರಿಕೆಗಳು ಬಂದ ಮೇಲೆ ಎದ್ದ ಹೊಸ ಸೊಸೈಟಿಗಳೂ ಇವೆ. ಪುಣೆ ಸುತ್ತಿನ ಕಾರ್ಖಾನೆಗಳಲ್ಲಿ ದುಡಿದು ಈ ಕಡೆ ಮನೆ ಮಾಡಿಕೊಂಡ ಕನ್ನಡಿಗರಿಗೆ, ಹಳೆ ಮನೆಯಾದರೆ, ಎಂದಾದರೊಂದು ದಿನ ನೀರಿನ ಲೈನು ಬದಲಿಸುವ ಪ್ರಸಂಗ ಬಂದೇ ಬರುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಪೈಪು ಒಳ್ಳೆಯದು? ಈ ಪ್ರಶ್ನೆಗೆ ಉತ್ತರವಿಲ್ಲ. ಬೀದಿಯ ಮೀಟರಿನಿಂದ ಬಚ್ಚಲಿನ ಶವರ್‌ವರೆಗೆ ನೀರು ಮೂರು ಬೇರೆ ಬೇರೆ ಹಾದಿಯಲ್ಲಿ ಹಾಯುತ್ತದೆ: ಮಣ್ಣಿನಡಿ, ಬಿಸಿಲಿನಲ್ಲಿ, ಗೋಡೆಯೊಳಗೆ. ಒಂದೊಂದು ಕಡೆ ಪೈಪಿನ ವೈರಿಯೂ ಬೇರೆ. ಮನೆಯುದ್ದಕ್ಕೂ ಒಂದೇ ಪೈಪು ಹಾಕುತ್ತೇನೆನ್ನುವ ಕಂಟ್ರಾಕ್ಟರು ತನ್ನ ಅನುಕೂಲ ನೋಡಿಕೊಂಡಿರುತ್ತಾನೆ, ಅಷ್ಟೆ.

ಮೊದಲು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಯಾಕೆ ಸೋತಿತು ಎಂಬುದು. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ಸತು ಕಬ್ಬಿಣವನ್ನು ಬರೀ ಮುಚ್ಚುವುದಲ್ಲ. ಎರಡೂ ನೀರಿನಲ್ಲಿ ಜೊತೆಗಿದ್ದಾಗ ಎಲೆಕ್ಟ್ರಾನ್ ಬಿಟ್ಟುಕೊಟ್ಟು ತಾನು ಕರಗುತ್ತದೆ, ಕಬ್ಬಿಣವನ್ನು ಉಳಿಸುತ್ತದೆ. ಆದರೆ ಆ ಲೇಪದ ದಪ್ಪ ಸುಮಾರು 50 ಮೈಕ್ರಾನ್. ಪ್ಲಂಬರು ಡೈ ಸೆಟ್ಟಿನಿಂದ ತುದಿಗೆ ಥ್ರೆಡ್ಡು ಹಾಕುವಾಗ ಆ ಲೇಪ ಕೆತ್ತಿಹೋಗಿ ಬರೀ ಕಬ್ಬಿಣ ಉಳಿಯುತ್ತದೆ, ಮೇಲಾಗಿ ಅಲ್ಲಿ ಪೈಪಿನ ಗೋಡೆಯೂ ತೆಳ್ಳಗಾಗಿರುತ್ತದೆ. ಅದಕ್ಕೇ ಜಿಐ ಲೈನು ಮೊದಲು ಸೋರುವುದು ಎಲ್ಬೋ, ಕಪ್ಲಿಂಗ್‌ಗಳ ಬುಡದಲ್ಲಿ. ಬಿಸಿನೀರಿನಲ್ಲಿ ಇನ್ನೂ ವಿಚಿತ್ರ: ಸುಮಾರು 60 ಡಿಗ್ರಿ ದಾಟಿದರೆ ಕೆಲವು ಬಗೆಯ ನೀರಿನಲ್ಲಿ ಸತು–ಕಬ್ಬಿಣದ ಪಾತ್ರಗಳು ಅದಲುಬದಲಾಗಿ, ಕಾಯಬೇಕಾದ ಸತುವಿನ ಪಕ್ಕದಲ್ಲೇ ಕಬ್ಬಿಣ ಕರಗತೊಡಗುತ್ತದೆ. ಸೋಲಾರ್ ಹೀಟರಿಗೆ ಜಿಐ ಜೋಡಿಸಿದವರು ಇದನ್ನು ನೆನಪಿಡಬೇಕು.

ಕಿಂಡಿ ಸಣ್ಣದಾದರೆ ನೀರು ಎಷ್ಟು ಕಡಿಮೆಯಾಗುತ್ತದೆ? ಒಳವ್ಯಾಸ 20 ಮಿಲಿಮೀಟರಿನಿಂದ 15ಕ್ಕೆ ಇಳಿದರೆ ಕಾಲುಭಾಗ ನಷ್ಟ ಎಂದು ತೋರುತ್ತದೆ. ಅದು ತಪ್ಪು ಲೆಕ್ಕ. ಅದೇ ಒತ್ತಡದಲ್ಲಿ ಹರಿಯುವ ನೀರು ವ್ಯಾಸದ 2.63ನೇ ಘಾತಕ್ಕೆ ಅನುಗುಣವಾಗಿರುತ್ತದೆ. ಇದು ಎಂಜಿನಿಯರುಗಳು ಬಳಸುವ ಹೇಜನ್–ವಿಲಿಯಮ್ಸ್ ಸೂತ್ರ. ಆ ಪ್ರಕಾರ ನೀರು ಅರ್ಧಕ್ಕೂ ಕೆಳಗಿಳಿಯುತ್ತದೆ. ತುಕ್ಕಿನ ಒರಟುತನದ ನಷ್ಟ ಇದರಲ್ಲಿ ಸೇರಿಲ್ಲ.

ಈಗ ಮೊದಲ ಹಾದಿ, ಮೀಟರಿನಿಂದ ಸಂಪಿನವರೆಗೆ, ಮಣ್ಣಿನಡಿ. ತಳೇಗಾಂವ ಕೂತಿರುವುದು ಇಂದ್ರಾಯಣಿ, ಪವನಾ ನದಿಗಳ ನಡುವೆ, ದಖ್ಖನ್ನಿನ ಬಸಾಲ್ಟ್ ಬಂಡೆಯ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಇದು. ಬೆಳಗಾವಿ, ವಿಜಯಪುರದ ಕರಿಗಲ್ಲೂ ಇದರದೇ ಚಾಚು. ಮೇಲೆ ಕೆಲವೆಡೆ ಎರೆಮಣ್ಣು, ಅದರ ಕೆಳಗೆ ಬಂಡೆ ಶಿಥಿಲವಾಗಿ ಆದ ಮುರುಂ, ಆಮೇಲೆ ಗಟ್ಟಿ ಕಲ್ಲು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಪ್ರತಿ ವರ್ಷ ಹೀಗೆ ಏರಿಳಿಯುವ ನೆಲದಲ್ಲಿ ಬಿರುಸಾದ ಪೈಪು ಕೀಲಿನಲ್ಲಿ ಬಿಟ್ಟುಕೊಳ್ಳುತ್ತದೆ. ತೇವ ಹಿಡಿದಿಡುವ ಈ ಮಣ್ಣು ಜಿಐ ಪೈಪನ್ನು ಹೊರಗಿನಿಂದಲೂ ತಿನ್ನುತ್ತದೆ.

ಇಲ್ಲಿಗೆ ಎಚ್‌ಡಿಪಿಇ ಸರಿ, ಅದೇ ನೀಲಿ ಗೆರೆಯ ಕರಿ ಪೈಪು. ಸುರುಳಿಯಲ್ಲಿ ಬರುತ್ತದೆ, ಮೀಟರಿನಿಂದ ಸಂಪಿನವರೆಗೆ ನಡುವೆ ಒಂದೂ ಕೀಲಿಲ್ಲದೆ ಎಳೆಯಬಹುದು, ನೆಲ ಸರಿದರೆ ತಾನೂ ಬಾಗುತ್ತದೆ. ಬಣ್ಣ ಕರಿಯಾಗಿರುವುದು ಚೆಂದಕ್ಕಲ್ಲ. ಸುಮಾರು ಶೇಕಡ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ, ನೇರಳಾತೀತ ಕಿರಣವನ್ನು ಅದು ಹೀರಿಕೊಳ್ಳುತ್ತದೆ. ಇನ್ನೊಂದು ಗುಣವೂ ಉಂಟು. ಹರಿಯುವ ನೀರನ್ನು ತಟಕ್ಕನೆ ತಡೆದರೆ ಒತ್ತಡದ ಅಲೆ ಏಳುತ್ತದೆ. ರಷ್ಯಾದ ಜುಕೋವ್‌ಸ್ಕಿ 1898ರಲ್ಲಿ ಇದರ ಲೆಕ್ಕ ಕಟ್ಟಿದ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ನಿಂತರೆ ಉಕ್ಕಿನ ಪೈಪಿನಲ್ಲಿ 13 ಬಾರ್‌ನಷ್ಟು ಹೊಡೆತ. ಗೋಡೆ ಹಿಗ್ಗಬಲ್ಲ ಎಚ್‌ಡಿಪಿಇಯಲ್ಲಿ ಸುಮಾರು 3 ಬಾರ್.

ಕೀಲು ಕಡಿಮೆಯಿರಬೇಕು ಎಂಬುದಕ್ಕೆ ನೀರು ಪೋಲಾಗುವುದಕ್ಕಿಂತ ದೊಡ್ಡ ಕಾರಣವಿದೆ. ನಮ್ಮ ಊರುಗಳಲ್ಲಿ ನೀರು ದಿನದಲ್ಲಿ ಕೆಲವೇ ಗಂಟೆ, ಕೆಲವೆಡೆ ದಿನ ಬಿಟ್ಟು ದಿನ ಬರುತ್ತದೆ. ವಾಲ್ವು ಮುಚ್ಚಿದ ಮೇಲೆ ಪೈಪಿನಲ್ಲಿ ಒತ್ತಡ ಸೊನ್ನೆಗೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಆಗ ಸೋರುವ ಕೀಲೇ ಹೀರುವ ಬಾಯಾಗಿ, ಪಕ್ಕದ ಚರಂಡಿಯ ನೀರು ಒಳಗೆ ಬರುತ್ತದೆ. ಇದು ಊಹೆಯಲ್ಲ. ವಿಶ್ವ ಬ್ಯಾಂಕ್ ನೆರವಿನಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ಪೈಪುಜಾಲವನ್ನೇ ಹೊಸದು ಮಾಡಿ ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ನಡೆಯಿತಲ್ಲ, ಆಮೇಲೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಹುಬ್ಬಳ್ಳಿ–ಧಾರವಾಡದ ನಲ್ಲಿ ನೀರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮಾದರಿಯಲ್ಲಿ ಇ. ಕೊಲಿ ಸಿಕ್ಕಿತು, 24 ಗಂಟೆ ನೀರಿರುವ ವಾರ್ಡುಗಳಲ್ಲಿ ನೂರಕ್ಕೆ ಒಂದರಲ್ಲೂ ಇಲ್ಲ. ನೀರು ಬರುವ ಹೊತ್ತನ್ನು ನಾವು ಬದಲಿಸಲಾರೆವು. ನಮ್ಮ ಕಾಂಪೌಂಡಿನೊಳಗಿನ ಕೀಲುಗಳನ್ನು ತೆಗೆಯುವುದು, ಕುಡಿಯುವ ನೀರಿನ ಲೈನನ್ನು ಚರಂಡಿ ಪೈಪಿನಿಂದ ದೂರಕ್ಕೆ, ಅದಕ್ಕಿಂತ ಎತ್ತರದಲ್ಲಿ ಒಯ್ಯುವುದು ನಮ್ಮ ಕೈಯಲ್ಲಿದೆ.

ಎಚ್‌ಡಿಪಿಇ ಕೊಳ್ಳುವಾಗ ಒಂದು ಬಲೆಗೆ ಬಹಳ ಜನ ಬೀಳುತ್ತಾರೆ. ಜಿಐ ಪೈಪಿನ 20 ಎಂಎಂ ಎಂಬುದು ಒಳಗಿನ ಕಿಂಡಿಯ ಅಂದಾಜು ಅಳತೆ. ನಿಜದಲ್ಲಿ ಒಳವ್ಯಾಸ 21 ಮಿಲಿಮೀಟರಿಗೂ ತುಸು ಹೆಚ್ಚೇ ಇರುತ್ತದೆ. ಎಚ್‌ಡಿಪಿಇಯ 20 ಎಂಎಂ ಹೊರಗಿನ ಅಳತೆ. ಎರಡೂ ಕಡೆ ಎರಡು ಮಿಲಿಮೀಟರಿಗೆ ಮೀರಿದ ಗೋಡೆ ಕಳೆದರೆ ಕಿಂಡಿ ಹದಿನೈದರ ಆಸುಪಾಸು. ಹಳೆ 20ರ ಜಾಗಕ್ಕೆ ಹೊಸ 20 ಹಾಕಿದರೆ ಪ್ಲಾಸ್ಟಿಕ್ಕಿನ ನುಣುಪನ್ನು ಲೆಕ್ಕಕ್ಕೆ ಹಿಡಿದರೂ ಜಿಐ ಹೊಸದಾಗಿದ್ದಾಗ ಬರುತ್ತಿದ್ದ ನೀರಿನ ಅರ್ಧವಷ್ಟೇ ಬರುತ್ತದೆ. 25 ಎಂಎಂ ಕೇಳಬೇಕು, ದೂರ ಹೆಚ್ಚಿದ್ದರೆ 32.

ಹಾಕುವ ವಿಧಾನ? ವಿದೇಶದ ವಿಡಿಯೋಗಳಲ್ಲಿ ಅಂಗಳ ಅಗೆಯದೆ ಪೈಪು ಬದಲಿಸುವುದನ್ನು ನೋಡಿದವರು ಆಸೆಪಡುತ್ತಾರೆ. ಹಳೆ ಪೈಪನ್ನು ಒಳಗಿನಿಂದ ಒಡೆಯುತ್ತ ಹಿಂದೆಯೇ ಹೊಸದನ್ನು ಎಳೆದೊಯ್ಯುವ ವಿಧಾನ ಬ್ರಿಟನ್ನಿನಲ್ಲಿ ಗ್ಯಾಸ್ ಪೈಪಿಗೆಂದು 1970ರ ದಶಕದ ಕೊನೆಗೆ ಹುಟ್ಟಿದ್ದು. ಅದು ಚೂರಾಗುವ ಬೀಡು ಕಬ್ಬಿಣಕ್ಕೆ ಒಗ್ಗುತ್ತದೆ. ಜಿಐ ಚೂರಾಗುವುದಿಲ್ಲ. ಗಾಳಿಯ ಒತ್ತಡದಿಂದ ನೆಲದಡಿ ತೂರಿಕೊಂಡು ಹೋಗುವ ಮೋಲ್ ಯಂತ್ರ ಮೆತ್ತನೆ ಮಣ್ಣಿನಲ್ಲಿ ಚೆನ್ನಾಗಿ ಸಾಗುತ್ತದೆ, ಕಲ್ಲು ಸಿಕ್ಕರೆ ದಿಕ್ಕು ತಪ್ಪುತ್ತದೆ. ತಳೇಗಾಂವದಂಥ ನೆಲದಲ್ಲಿ, ಹತ್ತಿಪ್ಪತ್ತು ಮೀಟರಿಗೆ, ಪಿಕಾಸಿ ಹಿಡಿದು ಅಗೆಯುವುದೇ ಅಗ್ಗ. ಅಗೆದ ಮೇಲೆ ತಳಕ್ಕೆ ಮರಳೋ ಕಲ್ಲಿನ ಪುಡಿಯೋ ಹಾಸಿ, ಪೈಪನ್ನು ಬಿಗಿಯಾಗಿ ಎಳೆಯದೆ ತುಸು ಹಾವಾಡಿದಂತೆ ಮಲಗಿಸಬೇಕು. 30 ಮೀಟರ್ ಎಚ್‌ಡಿಪಿಇ 20 ಡಿಗ್ರಿ ತಣಿದರೆ ಸುಮಾರು 12 ಸೆಂಟಿಮೀಟರ್ ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನೆಟ್ಟಗೆ ಎಳೆದು ಜೋಡಿಸಿದ್ದು ಮೊದಲ ಸಲ ತಣ್ಣೀರು ಬಂದಾಗ ಫಿಟಿಂಗಿನಿಂದ ಕಿತ್ತು ಬಂದರೆ ಪೈಪನ್ನು ಬೈದು ಫಲವಿಲ್ಲ. ಬೀದಿಯ ಮುಖ್ಯ ಲೈನಿಗೆ ನಮ್ಮ ಪೈಪನ್ನು ಜೋಡಿಸುವ ಫೆರೂಲ್ ಮಾತ್ರ ಮುಟ್ಟುವಂತಿಲ್ಲ, ಅದಕ್ಕೆ ನಗರಪರಿಷತ್ತಿನ ಅನುಮತಿ ಬೇಕು.

ಎರಡನೆಯದು ಸಂಪಿನಿಂದ ಟೆರೇಸಿನ ಟ್ಯಾಂಕಿಗೆ ಹೊರಗೋಡೆಯ ಮೇಲೆ ಹತ್ತುವ ಲೈನು. ಇಲ್ಲಿ ವೈರಿ ಬಿಸಿಲು. ಗಟ್ಟಿ ಪಿವಿಸಿಯಾದ ಯುಪಿವಿಸಿಯೋ, ಬಿಸಿನೀರು ತಾಳುವ ಸಿಪಿವಿಸಿಯೋ ನಡೆಯುತ್ತದೆ, ನೀರು ಬೆರೆಸುವ ಬಿಳಿ ಪೇಂಟು ಎರಡು ಕೋಟು ಹೊಡೆದರೆ ಸಾಕು. ಎಣ್ಣೆ ಪೇಂಟು ಬೇಡ. ಕ್ಲಾಂಪು ಪೈಪನ್ನು ಹಿಡಿಯಬೇಕು, ಹಿಚುಕಬಾರದು. ಹತ್ತು ಮೀಟರ್ ಸಿಪಿವಿಸಿ 30 ಡಿಗ್ರಿ ಏರಿಳಿತಕ್ಕೆ ಸುಮಾರು ಎರಡು ಸೆಂಟಿಮೀಟರ್ ಓಡಾಡುತ್ತದೆ, ಅದೇ ಜಿಐ ಆದರೆ ಅರ್ಧ ಸೆಂಟಿಮೀಟರೂ ಇಲ್ಲ. ಟ್ಯಾಂಕಿನಿಂದ ಇಳಿಯುವ ಮೊದಲ ತುಂಡನ್ನು ಧಾರಾಳವಾಗಿ ಇಡಬೇಕು, ಒಂದೂಕಾಲು ಇಂಚಿಗೆ ಕಡಿಮೆ ಬೇಡ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಬಾರ್ ಒತ್ತಡ. ಮೇಲಂತಸ್ತಿನ ಶವರಿಗೂ ಟ್ಯಾಂಕಿಗೂ ನಡುವೆ ಇರುವುದು ಎರಡೋ ಮೂರೋ ಮೀಟರ್. ಇಷ್ಟು ಬಡ ಒತ್ತಡದಲ್ಲಿ ಅರ್ಧ ಇಂಚಿನ ಪೈಪು, ಅದರಲ್ಲಿ ನಾಲ್ಕೈದು ಎಲ್ಬೋ ಹಾಕಿ, ಆಮೇಲೆ ಪ್ರೆಶರ್ ಪಂಪು ತರುವುದು ನಮ್ಮಲ್ಲಿ ಮಾಮೂಲು.

ಮೂರನೆಯ ಹಾದಿ ಗೋಡೆಯೊಳಗಿನದು. ಇಲ್ಲಿ ಬಿಸಿನೀರಿನ ಪ್ರಶ್ನೆ, ಅದು ಗಾಜಿನ ಉದಾಹರಣೆಯಿಂದ ಬೇಗ ತಿಳಿಯುತ್ತದೆ. ತಳೇಗಾಂವಕ್ಕೆ ಗಾಜಿನ ಹೆಸರು ಹಳೆಯದು. ಸ್ವದೇಶಿ ಚಳವಳಿಯ ಕಾಲದಲ್ಲಿ ಜನರಿಂದ ಒಂದೊಂದು ಪೈಸೆ ಕೂಡಿಸಿ ಕಟ್ಟಿದ ಪೈಸಾ ಫಂಡ್ ಗಾಜಿನ ಕಾರ್ಖಾನೆ 1908ರಲ್ಲಿ ಇಲ್ಲೇ ಶುರುವಾಯಿತು. ಗಾಜು ಕುಲುಮೆಯಲ್ಲಿ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಕರಗುವುದಿಲ್ಲ, ಒಂದು ಹದದ ಶಾಖ ದಾಟಿದ ಮೇಲೆ ಮೆಲ್ಲಗೆ ಮೆತ್ತಗಾಗುತ್ತದೆ. ಪಿವಿಸಿಯೂ ಅದೇ ಜಾತಿ. ಅಣುಸರಪಳಿಗಳು ಅಡ್ಡಾದಿಡ್ಡಿ ಹೆಪ್ಪುಗಟ್ಟಿದ ವಸ್ತು ಅದು, ಸುಮಾರು 80 ಡಿಗ್ರಿಯಲ್ಲಿ ಹೆಪ್ಪು ಸಡಿಲುತ್ತದೆ. ಅದಕ್ಕೆ ಬಹಳ ಮೊದಲೇ ಒತ್ತಡ ತಾಳುವ ಶಕ್ತಿ ಹೋಗಿರುತ್ತದೆ. ಸರಪಳಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿ ಅದರ ಪಾಲನ್ನು ಶೇಕಡ 57ರಿಂದ 63–67ಕ್ಕೆ ಏರಿಸಿದರೆ ಸಿಪಿವಿಸಿ. ದಪ್ಪ ಕ್ಲೋರಿನ್ ಪರಮಾಣುಗಳು ಸರಪಳಿಗಳ ಅಲುಗಾಟಕ್ಕೆ ಅಡ್ಡ ಬಂದು, ಮೆತ್ತಗಾಗುವ ಶಾಖ 100 ಡಿಗ್ರಿ ದಾಟುತ್ತದೆ. ಗೀಸರು, ಸೋಲಾರ್ ಎರಡನ್ನೂ ಅದು ತಾಳುತ್ತದೆ. ಎಚ್‌ಡಿಪಿಇಯಲ್ಲಿ ಸರಪಳಿ ಸಡಿಲುವ ಈ ಶಾಖ ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ, ಆದ್ದರಿಂದಲೇ ಅದು ಬಾಗುತ್ತದೆ. ಬಿಸಿನೀರಿಗೆ ಮಾತ್ರ ಆಗದು. ಶಾಖದಿಂದ ಬೆಸೆಯುವ ಪಿಪಿಆರ್ ಕೂಡ ಒಳ್ಳೆಯದೇ, ಬೆಸೆಯುವ ಯಂತ್ರವೂ ಕೈಪಳಗಿದ ಆಳೂ ಸಿಗುವುದಾದರೆ.

ಸಿಪಿವಿಸಿಯ ಅಂಟು ನಿಜದಲ್ಲಿ ಅಂಟಲ್ಲ. ಸಾಲ್ವೆಂಟ್ ಸಿಮೆಂಟು ಎರಡೂ ಮೈಗಳನ್ನು ಕರಗಿಸುತ್ತದೆ, ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ದ್ರಾವಕ ಆರಿದ ಮೇಲೆ ಎರಡು ತುಂಡು ಒಂದೇ ಆಗಿರುತ್ತದೆ. ಕೊಯ್ದ ಅಂಚಿನ ಸಿಬಿರು ತೆಗೆದು, ಒರೆಸಿ, ತೂರಿಸಿ, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿಯುವ ಪ್ಲಂಬರು ಸಿಕ್ಕರೆ ಬಿಡಬೇಡಿ. ಅಂಟು ಹಚ್ಚಿದವನೇ ಮುಂದಿನ ಕೀಲಿಗೆ ಓಡುವವನು ಗೋಡೆಯೊಳಗೆ ಸೋರಿಕೆಯನ್ನು ಇಟ್ಟು ಹೋಗುತ್ತಾನೆ. ಪಿವಿಸಿಯ ಅಂಟನ್ನು ಇದಕ್ಕೆ ಹಚ್ಚಬಾರದು. ಎಣ್ಣೆ, ಗೆದ್ದಲಿನ ದ್ರಾವಣ, ಮೆದು ಪಿವಿಸಿಯ ವೈರು ಇವು ಸಿಪಿವಿಸಿಯನ್ನು ಮುಟ್ಟುವಂತಿರಬಾರದು, ವರ್ಷಗಳ ಮೇಲೆ ಬಿರುಕು ಬಿಡಿಸುತ್ತವೆ. ಕೊಳ್ಳುವಾಗ ಮೈಮೇಲೆ ಐಎಸ್ 15778 ಇದೆಯೇ ನೋಡಿ. ಯುಪಿವಿಸಿಗೆ 4985, ಎಚ್‌ಡಿಪಿಇಗೆ 4984. ಪಿವಿಸಿ ಪೈಪುಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ನಿಯಮವನ್ನು ಕೇಂದ್ರ ಸರಕಾರ ತಂದದ್ದು 2021ರಲ್ಲಿ, ಹಾಗಾಗಿ ಗುರುತಿಲ್ಲದ ಹಳೆ ದಾಸ್ತಾನು ಅಗ್ಗಕ್ಕೆ ಸಿಕ್ಕಿತೆಂದು ಕುಡಿಯುವ ನೀರಿಗೆ ಹಾಕಬೇಡಿ.

ಗೋಡೆಯೊಳಗಿನ ಹಳೆ ಜಿಐಯನ್ನು ಕಿತ್ತು ತೆಗೆಯಬೇಕೇ? ನನ್ನ ಮಟ್ಟಿಗೆ ಬೇಡ. ಟೈಲು, ಗಾರೆ ಎಲ್ಲ ಹೋಗುತ್ತದೆ. ಎರಡೂ ತುದಿ ಕತ್ತರಿಸಿ, ನೀರು ಇಳಿಸಿ, ಮುಚ್ಚಿ, ಅಲ್ಲೇ ಬಿಡಿ. ಹೊಸ ಲೈನನ್ನು ಬೇರೆ ಹಾದಿಯಲ್ಲಿ ಒಯ್ಯಿರಿ. ಹಳೆಯದರ ಒಂದು ತುದಿಯೂ ಹೊಸ ಲೈನಿಗೆ ಅಂಟಿಕೊಂಡಿರಬಾರದು, ಅಲ್ಲಿ ನಿಂತ ನೀರು ಕೊಳೆಯುತ್ತದೆ. ಗಾರೆ ಮುಚ್ಚುವ ಮುಂಚೆ ಲೈನಿನಲ್ಲಿ ಗಾಳಿ ಉಳಿಯದಂತೆ ನೀರು ತುಂಬಿಸಿ, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟಾದರೂ ಏರಿಸಿ ಗೇಜು ಇಳಿಯುತ್ತದೆಯೇ ನೋಡಬೇಕು. ಕಂಪ್ರೆಸರಿನ ಗಾಳಿಯಿಂದ ಈ ಪರೀಕ್ಷೆ ಮಾಡಿಸಬೇಡಿ: ನೀರು ಒತ್ತಿದರೆ ಕುಗ್ಗದು, ಸೋರಿದರೆ ಒತ್ತಡ ತಟ್ಟನೆ ಇಳಿಯುತ್ತದೆ, ಗಾಳಿ ಶಕ್ತಿಯನ್ನು ಕೂಡಿಟ್ಟುಕೊಂಡು ಪೈಪು ಒಡೆದಾಗ ಚೂರುಗಳನ್ನು ಎಸೆಯುತ್ತದೆ.

ಪ್ಲಂಬರನ್ನು ಕರೆಯುವ ಮೊದಲೇ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಹಳೆ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ಬಚ್ಚಲ ಹತ್ತಿರದ ನೀರಿನ ಪೈಪಿಗೇ ಸುತ್ತಿ ಬಿಟ್ಟಿರುವುದುಂಟು. ಕಬ್ಬಿಣದ ಪೈಪು ಮಣ್ಣಿಗೆ ತಾಗಿದ್ದರಿಂದ ಅದು ಹೇಗೋ ನಡೆಯುತ್ತಿತ್ತು. ಮೀಟರಿನಿಂದ ಸಂಪಿಗೆ ಹತ್ತು ಮೀಟರ್ ಪ್ಲಾಸ್ಟಿಕ್ ಹಾಕಿದ ದಿನ ಆ ಹಾದಿ ಕಡಿದುಹೋಗುತ್ತದೆ, ಗೀಸರಿನ ಕಾಯಿಲಿನಲ್ಲಿ ಸೋರುವ ಕರೆಂಟಿಗೆ ನೆಲಕ್ಕೆ ಹೋಗಲು ಉಳಿಯುವುದು ಒದ್ದೆ ಕೈಯಲ್ಲಿ ನಲ್ಲಿ ತಿರುಗಿಸುವ ಮನುಷ್ಯನೊಬ್ಬನೇ. ಪೈಪು ಮುಟ್ಟುವ ಮುನ್ನ ಮನೆಗೆ ಬೇರೆ ಅರ್ಥಿಂಗ್ ಗುಂಡಿ ತೆಗೆಸಿ, ಮೇನ್ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿದಾಗ ಕರೆಂಟು ಹೋಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಪಿಕಾಸಿ ಅದಾದ ಮೇಲೆ.